ಮಂಡಿಯ ನೋವು ಮತ್ತು ಉಪವಾಸದ ಶಕ್ತಿ

ಮಂಡಿಯ ಕೀಲನ್ನು ಶಸ್ತ್ರಚಿಕಿತ್ಸೆಯಿಂದ ಬದಲಾಯಿಸಿಕೊಂಡ ಶ್ರಾವಕನು, ಕಾಲಿನ ಬಾವು ಇನ್ನೂ ಇಳಿಯದಿರುವಾಗಲೇ ಪರ್ವದಿನವು ಬಂದೊದಗಿದರೆ, ತಾನು ಬಹುಕಾಲದಿಂದ ನಡೆಸಿಕೊಂಡು ಬಂದ ಉಪವಾಸವನ್ನು ಆಚರಿಸಬೇಕೆ, ಬಿಡಬೇಕೆ? ಇದು ವೈದ್ಯರನ್ನು ಕೇಳಿ ತಿಳಿಯಬೇಕಾದ ವಿಷಯ, ತ್ರೈಮಾಸಿಕದಲ್ಲಿ ಚರ್ಚಿಸತಕ್ಕದ್ದಲ್ಲ ಎಂದು ವಾಚಕರಲ್ಲಿ ಕೆಲವರಿಗೆ ತೋರಬಹುದು. ನನಗೂ ಮೊದಲು ಹಾಗೆಯೇ ತೋರಿತ್ತು. ಆದರೆ ವೈದ್ಯರು ತಮ್ಮ ಉತ್ತರವನ್ನು ಕೊಟ್ಟ ಮೇಲೂ ಇದರೊಳಗೆ ಒಂದು ಪ್ರಶ್ನೆ ಉಳಿಯುತ್ತದೆ. ಹಸಿವನ್ನು ಸಹಿಸುವುದು ತಪಸ್ಸಾದರೆ, ಮಡಿಸಲಾರದ ಕಾಲನ್ನು ದಿನಕ್ಕೆ ನಾಲ್ಕು ಸಲ ಮಡಿಸುವ ನೋವನ್ನು ಸಹಿಸುವುದು ಏನು? ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳುವಾಗ ನಮ್ಮ ಮನಸ್ಸಿನಲ್ಲಿ ನಿಜವಾಗಿ ನಡೆಯುವುದೇನು? 2024ರ ಭಾದ್ರಪದದಲ್ಲಿ ನಾನು ಈ ಪ್ರಶ್ನೆಗೆ ತಪ್ಪು ಉತ್ತರವನ್ನು ಕೊಟ್ಟುಕೊಂಡೆನು. ತರಗತಿಯಲ್ಲಿ ಹುಡುಗರು ತಪ್ಪಿದಾಗ ತಪ್ಪಾದ ಲೆಕ್ಕವನ್ನು ಅಳಿಸಬೇಡಿ, ಪಕ್ಕದಲ್ಲೇ ತಿದ್ದಿ ಬರೆಯಿರಿ ಎಂದು ಹೇಳುತ್ತಿದ್ದವನು ನಾನು. ಆದುದರಿಂದ ಅಳಿಸದೆ ಬರೆಯುತ್ತಿದ್ದೇನೆ.

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಕಪ್ಪುಹಲಗೆಯ ಮುಂದೆ ನಿಂತವನ ಮಂಡಿಗಳು ಸವೆಯುವುದರಲ್ಲಿ ಆಶ್ಚರ್ಯವೇನಿಲ್ಲ. ಬಂಗಾರಪೇಟೆಯಲ್ಲಿ ಮನೆ, ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಶಾಲೆ. ಮಾರಿಕುಪ್ಪಂ ಗಾಡಿಯ ಎತ್ತರದ ಮೆಟ್ಟಿಲುಗಳನ್ನು ಏರಿ ಇಳಿದದ್ದು ಎಷ್ಟು ಸಲವೋ ಲೆಕ್ಕವಿಟ್ಟವರಿಲ್ಲ. 2018ರ ಫೆಬ್ರವರಿಯಲ್ಲಿ ಮಹಾಮಸ್ತಕಾಭಿಷೇಕಕ್ಕೆಂದು ಶ್ರವಣಬೆಳಗೊಳಕ್ಕೆ ಹೋದಾಗ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹೇಗೋ ಹತ್ತಿದೆನು. ಇಳಿಯುವಾಗ ಮಾತ್ರ ಪ್ರತಿ ಮೆಟ್ಟಿಲಿಗೂ ಬಲಮಂಡಿಯೊಳಗೆ ಕಲ್ಲಿಗೆ ಕಲ್ಲು ಉಜ್ಜಿದಂತಾಯಿತು. ಹತ್ತುವುದಕ್ಕಿಂತ ಇಳಿಯುವುದೇ ಮಂಡಿಗೆ ಹೆಚ್ಚಿನ ಹೊರೆ ಎಂಬುದನ್ನು ಆಮೇಲೆ ವೈದ್ಯರು ತಿಳಿಸಿದರು. ಕಾಯೋತ್ಸರ್ಗದಲ್ಲಿ ಅಚಲನಾಗಿ ನಿಂತ ಗೊಮ್ಮಟಸ್ವಾಮಿಯನ್ನು ಕಂಡು, ಹಿಂತಿರುಗುವಾಗ ಹೆಂಡತಿಯ ಹೆಗಲನ್ನು ಹಿಡಿದು ಇಳಿದವನಿಗೆ ಉಂಟಾದ ನಾಚಿಕೆಯನ್ನು ವಿವರಿಸಬೇಕಾಗಿಲ್ಲ.

ಜನರು ಇದನ್ನು ಮಂಡಿಚಿಪ್ಪು ಬದಲಾಯಿಸುವ ಆಪರೇಷನ್ ಎನ್ನುತ್ತಾರೆ. ವಾಸ್ತವವಾಗಿ ಬದಲಾಗುವುದು ಚಿಪ್ಪಲ್ಲ. ತೊಡೆಯ ಮೂಳೆಯ ಕೆಳತುದಿಯನ್ನೂ ಮೊಣಕಾಲ ಕೆಳಗಿನ ಮೂಳೆಯ ಮೇಲ್ತುದಿಯನ್ನೂ ತೆಳ್ಳಗೆ ಕೊಯ್ದು, ಮೇಲಿನದಕ್ಕೆ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದ ಟೋಪಿಯನ್ನೂ ಕೆಳಗಿನದಕ್ಕೆ ಲೋಹದ ತಟ್ಟೆಯನ್ನೂ ತೊಡಿಸಿ, ನಡುವೆ ಪಾಲಿಥಿಲೀನ್ ಮೆತ್ತೆಯೊಂದನ್ನು ಇರಿಸುತ್ತಾರೆ. ನೂರಿಪ್ಪತ್ತು ವರ್ಷಗಳ ಕಾಲ ಚಿನ್ನವನ್ನು ಅಗೆದ ನಮ್ಮ ಊರಿನವರ ಮಂಡಿಗೆ ಚಿನ್ನವು ಪ್ರಯೋಜನಕ್ಕೆ ಬರಲಿಲ್ಲ. ಅದು ತೀರ ಮೆದು. ಇಂದಿನ ರೂಪದ ಕೃತಕ ಕೀಲು 1974ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಸಿದ್ಧವಾಯಿತು. ಅದನ್ನು ರೂಪಿಸಿದವರಲ್ಲಿ ಒಬ್ಬರು ಭಾರತದಲ್ಲಿ ಹುಟ್ಟಿದ ಡಾ. ಚಿತ್ತರಂಜನ್ ರಾಣಾವತ್. ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿಯವರ ಎಡಮಂಡಿಗೆ 2000ದ ಅಕ್ಟೋಬರಿನಲ್ಲಿಯೂ ಬಲಮಂಡಿಗೆ 2001ರ ಜೂನಿನಲ್ಲಿಯೂ ಮುಂಬಯಿಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿದವರು ಅವರೇ. ಈ ಎರಡು ಚಿಕಿತ್ಸೆಗಳ ನಡುವೆ, 2001ರ ಫೆಬ್ರವರಿ 28ರಂದು, ನಮ್ಮ ಗಣಿಗಳು ಮುಚ್ಚಿದವು. ಒಂದಕ್ಕೊಂದು ಸಂಬಂಧವಿಲ್ಲವೆಂಬುದು ನನಗೆ ಗೊತ್ತು. ಆದರೂ ಆ ವರ್ಷ ಕೆಲಸ ಕಳೆದುಕೊಂಡವರ ಮಕ್ಕಳಿಗೆ ಪಾಠ ಹೇಳಿದವನಿಗೆ ಈ ದಿನಾಂಕಗಳು ಒಟ್ಟಿಗೇ ನೆನಪಾಗುತ್ತವೆ. ಆಗ ಈ ಚಿಕಿತ್ಸೆಯು ಪ್ರಧಾನಿಗಳಿಗೂ ಧನಿಕರಿಗೂ ಸಲ್ಲುವಂಥದೆಂದು ನಾವು ಭಾವಿಸಿದ್ದೆವು. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರವು ಸಾಧಾರಣ ಕೃತಕ ಕೀಲಿನ ಬೆಲೆಗೆ ತೆರಿಗೆಯನ್ನು ಬಿಟ್ಟು 54,720 ರೂಪಾಯಿಗಳ ಮಿತಿಯನ್ನು ವಿಧಿಸಿದ ಮೇಲೆ ಪಿಂಚಣಿದಾರರೂ ಆ ಕಡೆಗೆ ನೋಡುವ ಧೈರ್ಯ ಮಾಡಿದರು.

ಬೆಂಗಳೂರಿನಲ್ಲಿ 2024ರ ಆಗಸ್ಟ್ 28ರಂದು ನನ್ನ ಬಲಮಂಡಿಗೆ ಶಸ್ತ್ರಚಿಕಿತ್ಸೆಯಾಯಿತು. ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಿದರು. ಶಸ್ತ್ರಚಿಕಿತ್ಸೆಯು ವೈದ್ಯನ ಕೆಲಸ, ಅದು ಎರಡು ಗಂಟೆಗಳಲ್ಲಿ ಮುಗಿಯುತ್ತದೆ. ಆಮೇಲಿನದು ರೋಗಿಯ ಕೆಲಸ, ಅದು ತಿಂಗಳುಗಟ್ಟಲೆ ನಡೆಯುತ್ತದೆ. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತ ಮಂಡಿಯನ್ನು ಮಡಿಸಬೇಕು. ತೊಡೆಯ ಸ್ನಾಯುವನ್ನು ಬಿಗಿಹಿಡಿದು ಐದು ಎಣಿಸಿ ಸಡಿಲಿಸಬೇಕು. ಕಾಲನ್ನು ನೆಟ್ಟಗೆ ಇಟ್ಟುಕೊಂಡೇ ಮೇಲೆತ್ತಬೇಕು. ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಬೇಕು. ಇದು ರಕ್ತ ಹೆಪ್ಪುಗಟ್ಟದಂತೆ. ಮಂಡಿಯ ಕೆಳಗೆ ದಿಂಬನ್ನು ಮಾತ್ರ ಇಡಕೂಡದು. ಇಟ್ಟರೆ ಹಾಯೆನಿಸುವುದು ನಿಜ. ಆದರೆ ಕೀಲು ಬಾಗಿದ ಸ್ಥಿತಿಯಲ್ಲಿಯೇ ಬಿಗಿದುಕೊಂಡು, ಕಾಲು ಮುಂದೆ ಪೂರ್ತಿ ನೆಟ್ಟಗಾಗುವುದಿಲ್ಲ. ನಡೆಯುವುದಕ್ಕೆ ಅರುವತ್ತೈದು ಡಿಗ್ರಿಗಳಷ್ಟು ಮಡಿಕೆ ಸಾಕು. ಮೆಟ್ಟಿಲೇರಲು ತೊಂಬತ್ತರ ಹತ್ತಿರ ಬೇಕು. ತಗ್ಗಾದ ಕುರ್ಚಿಯಿಂದ ಏಳಲು ನೂರರ ಮೇಲೆ. ಮೊದಲ ಆರು ವಾರಗಳಲ್ಲಿ ತೊಂಬತ್ತನ್ನು ದಾಟದಿದ್ದರೆ ಒಳಗಿನ ಗಾಯದ ಅಂಗಾಂಶವು ಗಟ್ಟಿಯಾಗುತ್ತ ಹೋಗುತ್ತದೆ. ಜ್ಯಾಮಿತಿಯನ್ನು ಬೋಧಿಸಿದವನಿಗೆ ತನ್ನ ಕಾಲನ್ನೇ ಕೋನಮಾಪಕದಿಂದ ಅಳೆಯುವುದನ್ನು ನೋಡುವ ಯೋಗ ಬಂದಿತ್ತು. ಹದಿನೆಂಟನೆಯ ದಿನ ನನ್ನ ಕೋನವು ಎಂಬತ್ತೈದು.

ಹತ್ತೊಂಬತ್ತು ದಿನ ಕಳೆದರೆ ಅನಂತ ಚತುರ್ದಶಿಯ ಹಿಂದಿನ ದಿನ. ಸೆಪ್ಟೆಂಬರ್ 17ಕ್ಕೆ ಚತುರ್ದಶಿ. ಇಪ್ಪತ್ತೆಂಟು ವರ್ಷಗಳಿಂದ ನಾನು ಆ ಪರ್ವಕ್ಕೆ ಪ್ರೋಷಧೋಪವಾಸವನ್ನು ತಪ್ಪಿಸಿದವನಲ್ಲ: ಹಿಂದಿನ ದಿನ ಒಂದು ಹೊತ್ತು, ಚತುರ್ದಶಿಯಂದು ನೀರೂ ಇಲ್ಲ, ಮರುದಿನ ಮತ್ತೆ ಒಂದೇ ಹೊತ್ತು. ಬೇಡವೆಂದು ವೈದ್ಯರು ಸ್ಪಷ್ಟವಾಗಿ ಹೇಳಿದ್ದರು. ನೋವಿನ ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ನುಂಗಿದರೆ ಜಠರದಲ್ಲಿ ಹುಣ್ಣಾಗುವ ಸಂಭವ. ಶಸ್ತ್ರಚಿಕಿತ್ಸೆಯ ಮೊದಲ ತಿಂಗಳಲ್ಲಿ ತೊಡೆಯ ಮುಂಭಾಗದ ಸ್ನಾಯು ತನ್ನ ಅರ್ಧದಷ್ಟು ಬಲವನ್ನು ಕಳೆದುಕೊಳ್ಳುವುದರಿಂದ ಆಹಾರದ ಸಾರ ಬೇಕು. ನೀರಿಲ್ಲದಿದ್ದರೆ ರಕ್ತ ಹೆಪ್ಪುಗಟ್ಟುವ ಭಯ. ಎಲ್ಲವನ್ನೂ ಕೇಳಿಸಿಕೊಂಡು, ಉಪವಾಸವನ್ನು ಮಾಡಿಯೇ ಮಾಡಿದೆನು. ಉಪವಾಸವಿರುವವನು ವ್ಯಾಯಾಮ ಮಾಡುವುದು ಹೇಗೆ? ಆದುದರಿಂದ ಮೂರು ದಿನವೂ ವ್ಯಾಯಾಮವನ್ನು ಬಿಟ್ಟೆನು. ಮಾತ್ರೆಯಿಲ್ಲದ ರಾತ್ರಿ ನೋವು ಹೆಚ್ಚಿದಾಗ ಮಂಡಿಯ ಕೆಳಗೆ ದಿಂಬನ್ನೂ ಇಟ್ಟುಕೊಂಡೆನು. ಚತುರ್ದಶಿಯ ಸಂಜೆ ಬಸದಿಯಿಂದ ಬಂಧುಗಳು ಗಂಧೋದಕ ತಂದು, ಆಪರೇಷನ್ ಆಗಿ ಮೂರು ವಾರವಾಗಿಲ್ಲ, ಮೇಷ್ಟರ ತಪಸ್ಸೆಂದರೆ ಇದು ಎಂದು ಕೊಂಡಾಡಿದರು. ಆ ಮಾತು ಹಾಲಿಗಿಂತ ಸಿಹಿಯಾಗಿತ್ತು ಎಂಬುದನ್ನು ಬರೆಯದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ.

ಹುಣ್ಣಿಮೆಯ ಬೆಳಗ್ಗೆ ವಾಕರ್ ಹಿಡಿದು ಎದ್ದಾಗ ಕಣ್ಣು ಕತ್ತಲಿಟ್ಟಿತು. ಪತ್ನಿಯು ಹಿಂದಿನಿಂದ ತಬ್ಬಿ ಹಿಡಿಯದಿದ್ದರೆ ಹೊಸ ಮಂಡಿಯ ಮೇಲೆಯೇ ಬೀಳುತ್ತಿದ್ದೆನು. ವಾರದ ಕೊನೆಗೆ ಅಳೆದಾಗ ಕೋನವು ಎಪ್ಪತ್ತಕ್ಕೆ ಇಳಿದಿತ್ತು. ಹೀಗೆಯೇ ಇದ್ದರೆ ಮತ್ತೆ ಅರಿವಳಿಕೆ ಕೊಟ್ಟು ಬಲವಂತವಾಗಿ ಮಡಿಸಬೇಕಾಗುತ್ತದೆ ಎಂಬ ಎಚ್ಚರಿಕೆ ಬಂದಿತು.

ರಾಬರ್ಟ್‌ಸನ್‌ಪೇಟೆಯಲ್ಲಿ ಫಿಸಿಯೋಥೆರಪಿ ಮಾಡುವಾಕೆ ನನ್ನ ಹಳೆಯ ವಿದ್ಯಾರ್ಥಿನಿ. ಗುರುವನ್ನು ಗದರಿಸಲಾರದೆ, "ಸಾರ್, ನಾಳೆಯಿಂದ ತಪ್ಪಿಸಬೇಡಿ" ಎಂದಷ್ಟೇ ಹೇಳಿದಳು. ಗದರಿಸಿದವರು ಬೇರೊಬ್ಬರು. ಪಕ್ಕದ ಮಂಚದಲ್ಲಿ ಚಾಂಪಿಯನ್ ರೀಫ್ಸಿನ ನಿವೃತ್ತ ಗಣಿ ಕಾರ್ಮಿಕರೊಬ್ಬರು ಅದೇ ಚಿಕಿತ್ಸೆಯಾಗಿ ವ್ಯಾಯಾಮಕ್ಕೆ ಬರುತ್ತಿದ್ದರು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಆ ಗಣಿಯಲ್ಲಿ, ತಲೆಯೆತ್ತಲಾಗದ ಕಡೆಗಳಲ್ಲಿ ಮಂಡಿಯೂರಿ ಬಂಡೆ ಕೊರೆದು ಇಪ್ಪತ್ತು ವರ್ಷ ಕಳೆದವರು. ವ್ಯಾಯಾಮದ ವೇಳೆ ಅವರು ಹಲ್ಲು ಕಚ್ಚುತ್ತಿರಲಿಲ್ಲ. ತಮಿಳಿನಲ್ಲಿ ಗಟ್ಟಿಯಾಗಿ ಬೈಯುತ್ತಿದ್ದರು. ಯಾರನ್ನೆಂದು ಕೇಳಿದರೆ, ಕಾಲನ್ನು ಎನ್ನುತ್ತಿದ್ದರು. ನನ್ನ ಎಪ್ಪತ್ತು ಡಿಗ್ರಿಯ ಕಥೆಯನ್ನು ಕೇಳಿ ಅವರು ಹೇಳಿದ್ದು ಇಷ್ಟು: "ವಾದ್ಯಾರೇ, ಊಟ ಬಿಟ್ಟಿದ್ದು ನಿಮ್ಮ ವ್ರತ, ಸರಿ. ಎಕ್ಸರ್‌ಸೈಸ್ ಯಾಕೆ ಬಿಟ್ಟಿರಿ? ನಿಮ್ಮ ದೇವರು ಅದನ್ನೂ ಬಿಡು ಅಂದನಾ?"

ನಮ್ಮ ಮತದಲ್ಲಿ ದೇವರು ಹೀಗೆ ಮಾಡು ಹಾಗೆ ಮಾಡು ಎಂದು ಆಜ್ಞಾಪಿಸುವುದಿಲ್ಲ ಎಂಬ ಪಾಠವನ್ನು ಅವರಿಗೆ ಹೇಳಲು ಬಾಯಿ ತೆರೆದೆನು. ತೆರೆದವನು ಮುಚ್ಚಿದೆನು. ಅವರ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ನಾನು ಸಿದ್ಧಾಂತವನ್ನು ಮುಂದಿಡುತ್ತಿದ್ದೇನೆಂಬುದು ನನಗೇ ತಿಳಿದುಹೋಯಿತು. ಮೂರು ದಿನ ವ್ಯಾಯಾಮವಿಲ್ಲವೆಂದಾಗ ನನ್ನ ಮನಸ್ಸಿನ ಒಳಮೂಲೆಯಲ್ಲಿ ಒಂದು ನೆಮ್ಮದಿಯಿತ್ತು. ಹಸಿವು ನನಗೆ ಇಪ್ಪತ್ತೆಂಟು ವರ್ಷಗಳ ಪರಿಚಯ. ಅದನ್ನು ಗೆಲ್ಲುವುದು ಗೊತ್ತು. ಮಂಡಿ ಮಡಿಸುವ ನೋವು ಹೊಸದು; ಅದಕ್ಕೆ ನಾನು ಹೆದರಿದ್ದೆನು. ಹೆದರಿಕೆಗೆ ವ್ರತವನ್ನು ಹೊದಿಸಿ ಕೂರಿಸಿದ್ದೆನು.

ಈಗ ಶಾಸ್ತ್ರದ ಮಾತಿಗೆ ಬರೋಣ. ತತ್ತ್ವಾರ್ಥಸೂತ್ರವು ತೀರ್ಥಂಕರ ನಾಮಕರ್ಮಕ್ಕೆ ಕಾರಣವಾಗುವ ಹದಿನಾರು ಭಾವನೆಗಳಲ್ಲಿ ತಪಸ್ಸನ್ನು ಬರಿದೆ ತಪಸ್ಸೆಂದು ಹೇಳದೆ ಶಕ್ತಿತಸ್ತಪವೆಂದು ಹೆಸರಿಸಿರುವುದು ಎಲ್ಲರಿಗೂ ಪರಿಚಿತವೇ. ನಾವು ಸಾಮಾನ್ಯವಾಗಿ ಇದಕ್ಕೆ ಶಕ್ತಿಯಿದ್ದಷ್ಟು ಮಾಡಿದರೆ ಸಾಕು ಎಂದು ಅರ್ಥ ಹೇಳಿ, ಅಶಕ್ತರಿಗೆ ಕೊಟ್ಟ ರಿಯಾಯಿತಿಯೆಂಬಂತೆ ಬಳಸುತ್ತೇವೆ. ನಮ್ಮ ನಾಡಿನವರೇ ಆದ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಈ ಪದವನ್ನು ಬಿಡಿಸುವಾಗ ಇನ್ನೊಂದು ಅಂಶಕ್ಕೆ ಒತ್ತು ಕೊಟ್ಟಿದ್ದಾರೆ: ಸಾಧಕನು ತನ್ನ ವೀರ್ಯವನ್ನು ಅಡಗಿಸಬಾರದು, ಕಾಯಕ್ಲೇಶವು ಮಾರ್ಗಕ್ಕೆ ವಿರೋಧವಾಗಿರಬಾರದು. ಈ ಎರಡು ಷರತ್ತುಗಳನ್ನು ನಾನು ಎಷ್ಟೋ ಸಲ ಸ್ವಾಧ್ಯಾಯದಲ್ಲಿ ವಿವರಿಸಿದ್ದೇನೆ. ಆದರೆ ಒಬ್ಬನೇ ಮನುಷ್ಯನು ಒಂದೇ ದಿನ ಇವೆರಡನ್ನೂ ಮುರಿಯಬಲ್ಲನೆಂಬುದು ಹೊಳೆದಿರಲಿಲ್ಲ. ಊಟದ ವಿಷಯದಲ್ಲಿ ಇಲ್ಲದ ಶಕ್ತಿಯನ್ನು ಮೆರೆದೆನು. ವ್ಯಾಯಾಮದ ವಿಷಯದಲ್ಲಿ ಇದ್ದ ಶಕ್ತಿಯನ್ನು ಬಚ್ಚಿಟ್ಟೆನು. ಕಂಡವರು ಒಂದನ್ನೇ ಕಂಡರು.

ಹಾಗಾದರೆ ವ್ಯಾಯಾಮದ ನೋವನ್ನೂ ತಪಸ್ಸೆಂದು ಎಣಿಸಬಹುದೆ? ಅಷ್ಟು ಸುಲಭವಾಗಿ ಒಪ್ಪಲಾರೆ. ತಾನಾಗಿ ಬಂದೆರಗಿದ ಕಷ್ಟವು ಪರೀಷಹ, ತಾನೇ ಬರಮಾಡಿಕೊಂಡದ್ದು ಕಾಯಕ್ಲೇಶ ಎಂದು ವಿಭಾಗಿಸಿದವರೂ ಅದೇ ಆಚಾರ್ಯರು. ಮಂಡಿ ಸವೆದು ಬಂದ ನೋವು ಮೊದಲನೆಯ ಬಗೆಯದು. ವ್ಯಾಯಾಮದ್ದು ನಾವಾಗಿ ಬರಮಾಡಿಕೊಂಡದ್ದು ನಿಜ, ಆದರೆ ಅದರ ಗುರಿ ದೇಹದ ಸೌಕರ್ಯ, ಕರ್ಮನಿರ್ಜರೆಯಲ್ಲ. ಮಂಡಿ ಮಡಿಸಿದವರೆಲ್ಲ ತಪಸ್ವಿಗಳಾದರೆ ಫಿಸಿಯೋಥೆರಪಿಯ ಕೋಣೆಗಳೆಲ್ಲ ತಪೋವನಗಳಾಗಬೇಕಾಗುತ್ತದೆ. ಆದರೆ ಪರೀಷಹವನ್ನು ಸಹಿಸುವುದಕ್ಕೆ ಸೂತ್ರಕಾರರು ಕೊಟ್ಟ ಕಾರಣಗಳಲ್ಲಿ ನಿರ್ಜರೆ ಬರುವುದು ಎರಡನೆಯದಾಗಿ. ಮೊದಲನೆಯದು ಮಾರ್ಗದಿಂದ ಜಾರದಿರುವುದು. ಗೃಹಸ್ಥನ ಮಾರ್ಗವು ಕಾಲಿಲ್ಲದೆ ನಡೆಯುವಂಥದಲ್ಲ. ನೆಲ ನೋಡಿ ಹೆಜ್ಜೆಯಿಡಬೇಕು, ಬಸದಿಗೆ ಹೋಗಬೇಕು, ಮುನಿಗಳು ಬಂದಾಗ ನಿಂತು ಆಹಾರದಾನ ಮಾಡಬೇಕು, ಮತ್ತೊಬ್ಬರಿಗೆ ಹೊರೆಯಾಗದಂತೆ ತನ್ನ ಕೆಲಸವನ್ನು ತಾನು ಮಾಡಿಕೊಳ್ಳಬೇಕು. ಇದಕ್ಕಾಗಿ ಪಡುವ ನೋವಿಗೆ ತಪಸ್ಸೆಂಬ ಹೆಸರು ಬೇಕಾಗಿಲ್ಲ. ಅದನ್ನು ತಪ್ಪಿಸಿಕೊಳ್ಳುವುದು ಮಾತ್ರ ದೋಷವೇ.

ಇಲ್ಲಿ ಒಂದು ಆಕ್ಷೇಪವನ್ನು ನಿರೀಕ್ಷಿಸುತ್ತೇನೆ. ಆಚಾರ್ಯ ಶಾಂತಿಸಾಗರರು ದೇಹಕ್ಕಾಗಿ ವ್ರತವನ್ನು ಸಡಿಲಿಸಿದರೇ? ಬೆಳಗಾವಿ ಸೀಮೆಯ ಭೋಜ ಗ್ರಾಮದ ಆ ಮಹಾಪುರುಷರು ದೃಷ್ಟಿ ಕುಂದಿ, ಹೆಜ್ಜೆಯಡಿಯ ಜೀವಿಗಳನ್ನು ಕಾಣಲಾಗದಂತಾದಾಗ, 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ಕೈಗೊಂಡು ದೇಹವನ್ನು ತೊರೆದರು. ದಿಗಂಬರ ಮುನಿಗಳು ನಿಂತೇ ಆಹಾರ ಸ್ವೀಕರಿಸಬೇಕಾದುದರಿಂದ, ಕಾಲಿನ ಬಲವು ಪೂರ್ಣವಾಗಿ ಸೋತಾಗ ಆಹಾರವನ್ನೇ ಬಿಡುವ ಮಾರ್ಗವನ್ನು ಹಿಡಿಯುವುದೂ ಉಂಟು. ಅದು ಮಹಾವ್ರತಿಗಳ ಮಾರ್ಗ. ಅದರ ಎದುರು ನನ್ನಂಥವನ ಮಾತು ನಿಲ್ಲದು. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನಕ್ಕೆ ಹೇಳಿದ ಸಂದರ್ಭಗಳಿಗೆಲ್ಲ, ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವಕ್ಕೆಲ್ಲ, ಪ್ರತೀಕಾರವಿಲ್ಲದ ಎಂಬ ವಿಶೇಷಣವನ್ನು ಸೇರಿಸಿದ್ದಾರೆ. ನನ್ನ ಅಜ್ಜನ ಕಾಲದಲ್ಲಿ ಸವೆದ ಮಂಡಿಗೆ ಪ್ರತೀಕಾರವಿರಲಿಲ್ಲ. ಅವರು ಕೊನೆಯ ಒಂಬತ್ತು ವರ್ಷಗಳನ್ನು ಜಗಲಿಯ ಮೇಲೆಯೇ ಕಳೆದರು. ಇಂದು ಪ್ರತೀಕಾರವಿದೆ. ಪ್ರತೀಕಾರವನ್ನು ಪಡೆದುಕೊಂಡು, ಅದರ ಅರ್ಧವನ್ನು ಮಾಡಿ ಬಿಡುವುದಕ್ಕೆ ಯಾವ ಗ್ರಂಥದಲ್ಲೂ ಆಧಾರವನ್ನು ಕಾಣೆ.

ಶ್ರಾವಕನು ನಿಜವಾಗಿ ಎಚ್ಚರವಹಿಸಬೇಕಾದ ಕಡೆ ಬೇರೊಂದಿದೆ. ಅಲ್ಲಿ ನಾವು ನಿದ್ರಿಸುತ್ತೇವೆ. ರಕ್ತ ಹೆಪ್ಪುಗಟ್ಟದಂತೆ ಹೊಟ್ಟೆಗೆ ಚುಚ್ಚುವ ಹೆಪಾರಿನ್ ವರ್ಗದ ಔಷಧವನ್ನು ಹಂದಿಯ ಕರುಳಿನ ಒಳಪೊರೆಯಿಂದ ತೆಗೆಯುತ್ತಾರೆ. ಮಾತ್ರೆಗಳ ಮೆತ್ತನೆಯ ಕೋಶಗಳು ಬಹುಮಟ್ಟಿಗೆ ಪ್ರಾಣಿಗಳ ಮೂಳೆ ಚರ್ಮಗಳಿಂದಾದ ಜೆಲಟಿನ್. ಮಂಡಿನೋವಿಗೆಂದು ಎಲ್ಲರೂ ನುಂಗುವ ಗ್ಲೂಕೋಸಮೈನ್ ಸಾಮಾನ್ಯವಾಗಿ ಸೀಗಡಿ ಏಡಿಗಳ ಚಿಪ್ಪಿನಿಂದ ಬಂದದ್ದು. ಆಲೂಗಡ್ಡೆಯನ್ನು ಮುಟ್ಟದ ನಾನು ಎರಡು ವರ್ಷ ಈ ಕೊನೆಯದನ್ನು ನುಂಗಿದೆನು; ಡಬ್ಬಿಯ ಸಣ್ಣಕ್ಷರವನ್ನು ಓದಲಿಲ್ಲ. ಶಸ್ತ್ರಚಿಕಿತ್ಸೆಗೆ ಮುಂಚೆ ವಿಚಾರಿಸಿದಾಗ ವೈದ್ಯರು ಬೇಸರಿಸದೆ ಚುಚ್ಚುಮದ್ದಿನ ಬದಲು ರಾಸಾಯನಿಕವಾಗಿ ತಯಾರಾದ ಮಾತ್ರೆಯನ್ನು ಬರೆದುಕೊಟ್ಟರು. ಎಲ್ಲರಿಗೂ ಅದು ಹೊಂದಲಾರದು, ವೈದ್ಯರೇ ನಿರ್ಧರಿಸಬೇಕು. ಆದರೆ ಕೇಳುವುದು ನಮ್ಮ ಕೆಲಸ. ಪಥ್ಯದ ಪಟ್ಟಿಯಲ್ಲಿ ಮೊಟ್ಟೆಯಿತ್ತು; ಅದನ್ನು ಹೊಡೆದುಹಾಕಿ ಹೆಸರುಬೇಳೆ, ಹುರಿಗಡಲೆ, ಕಡಲೆಕಾಯಿ, ಹಾಲುಗಳಿಂದ ಲೆಕ್ಕವನ್ನು ಸರಿದೂಗಿಸಿದೆವು. ಸೂರ್ಯಾಸ್ತದ ನಂತರ ಆಹಾರವಿಲ್ಲವೆಂಬ ನಿಯಮವನ್ನೂ ಮೊದಲೇ ತಿಳಿಸಿದುದರಿಂದ ಮಾತ್ರೆಗಳ ವೇಳೆಯನ್ನು ಅದಕ್ಕೆ ಹೊಂದಿಸಿದರು. ಒಂಬತ್ತನೆಯ ಶತಮಾನದಲ್ಲಿಯೇ ನಮ್ಮ ಉಗ್ರಾದಿತ್ಯಾಚಾರ್ಯರು ಮಾಂಸ, ಮದ್ಯ, ಮಧುಗಳಿಲ್ಲದ ವೈದ್ಯವನ್ನು ಕಲ್ಯಾಣಕಾರಕದಲ್ಲಿ ನಿರೂಪಿಸಿದರು. ಆ ಪರಂಪರೆಯವರು ಔಷಧದ ಚೀಟಿಯನ್ನು ಓದದೆ, ಒಂದು ಹೊತ್ತಿನ ಊಟವನ್ನು ಬಿಟ್ಟು ಸಮಾಧಾನಪಡುತ್ತೇವೆ.

ಇನ್ನೊಂದು ವಿಷಯ. ಇದು ನನಗೆ ತಡವಾಗಿ ತಿಳಿದದ್ದು. ನನ್ನ ಪತ್ನಿಯೂ ಪ್ರತಿವರ್ಷ ಅನಂತ ಚತುರ್ದಶಿಯ ಉಪವಾಸವನ್ನು ಮಾಡುವವಳು. ಆ ವರ್ಷ ಆಕೆ ಮಾಡಲಿಲ್ಲ. ರಾತ್ರಿ ಎರಡು ಸಲ ನನ್ನನ್ನು ಎಬ್ಬಿಸಿ ಬಚ್ಚಲಿಗೆ ಕರೆದೊಯ್ಯಬೇಕು, ಕಾಲಿಗೆ ಮಂಜುಗಡ್ಡೆ ಕಟ್ಟಬೇಕು, ಬಿದ್ದರೆ ಹಿಡಿಯಬೇಕು; ತನಗೂ ತಲೆ ತಿರುಗಿದರೆ ಗತಿಯೇನೆಂದು ಅಡಿಗೆಮನೆಯಲ್ಲಿ ನಿಂತು ಎರಡು ತುತ್ತು ಉಂಡಿದ್ದಳು. ಗಂಧೋದಕ ತಂದ ಬಂಧುಗಳಲ್ಲಿ ಒಬ್ಬರು, "ಅಮ್ಮಾವರದ್ದೂ ಉಪವಾಸವೇ?" ಎಂದು ಕೇಳಿದಾಗ, "ನನ್ನ ಕೈಲಿ ಈ ಸಲ ಆಗಲಿಲ್ಲ" ಎಂದಳು. ಅವರು ನನ್ನ ಕಡೆಗೆ ತಿರುಗಿ ಕೈಮುಗಿದರು. ಆರು ಆಭ್ಯಂತರ ತಪಸ್ಸುಗಳಲ್ಲಿ ವೈಯಾವೃತ್ಯವೂ ಒಂದೆಂದು ನಾನೇ ಪಾಠ ಹೇಳಿದವನು. ಪೂಜ್ಯರ ಸೇವೆಯನ್ನು ಕುರಿತು ಹೇಳಿದ ಮಾತದು, ಗಂಡನ ಶುಶ್ರೂಷೆಗೆ ಅನ್ವಯಿಸದೆಂದು ಪಂಡಿತರು ಹೇಳಬಹುದು. ಇರಬಹುದು. ಆದರೂ ಆ ಮನೆಯಲ್ಲಿ ಆ ದಿನ ತನ್ನ ಶಕ್ತಿಯನ್ನು ಮೆರೆಯದೆ, ಮರೆಮಾಚದೆ ಇದ್ದವರು ಒಬ್ಬರೇ.

ಮುಂದಿನ ಚಾತುರ್ಮಾಸದಲ್ಲಿ ಮುನಿಗಳ ಸನ್ನಿಧಿಯಲ್ಲಿ ಆಲೋಚನೆ ಮಾಡಿ, ಪ್ರಾಯಶ್ಚಿತ್ತ ಕೇಳಿದೆನು. ಉಪವಾಸವನ್ನೇ ವಿಧಿಸುವರೆಂದು ಎಣಿಸಿದ್ದೆನು. ಅವರು, ಒಂದು ವರ್ಷ ನಿನ್ನ ಉಪವಾಸವನ್ನು ಯಾರಿಗೂ ಹೇಳಬೇಡ ಎಂದರು. ಆ ವರ್ಷ ಮುಗಿದ ಮೇಲೆಯೇ ಇದನ್ನು ಬರೆಯುತ್ತಿರುವುದು.

ಮಂಡಿಯು ಈಗ ನೂರ ಹತ್ತು ಡಿಗ್ರಿ ಮಡಿಯುತ್ತದೆ. ಆ ಎರಡು ತಿಂಗಳ ವ್ಯಾಯಾಮವು ಎಂತಹದೆಂದು ಬರೆಯುವುದಿಲ್ಲ. ನಾನೂ ತಮಿಳಿನಲ್ಲಿ ಎರಡು ಮಾತು ಕಲಿತೆನು ಎಂದರೆ ಸಾಕು. ಪದ್ಮಾಸನವು ಮುಗಿದ ಮಾತು. ಸಾಮಾಯಿಕವನ್ನು ಕುರ್ಚಿಯ ಮೇಲೆ ಕುಳಿತು, ಕೊನೆಯ ಭಾಗವನ್ನು ನಿಂತು ಮಾಡುತ್ತೇನೆ. ಬಸದಿಯಲ್ಲಿ ಕುರ್ಚಿಗಳ ಸಾಲು ಬೆಳೆಯುತ್ತಿರುವುದನ್ನು ಕಂಡು ಮೂಗುಮುರಿಯುತ್ತಿದ್ದವರಲ್ಲಿ ನಾನೂ ಒಬ್ಬನಾಗಿದ್ದೆ. 2025ರ ಸೆಪ್ಟೆಂಬರ್ 6ರ ಅನಂತ ಚತುರ್ದಶಿಗೆ ನಾವಿಬ್ಬರೂ ಉಪವಾಸವಿದ್ದೆವು. ಬೆಳಗ್ಗೆ ಎಂದಿನಂತೆ ಇಪ್ಪತ್ತು ಸಲ ಕಾಲು ಮಡಿಸಿದ ಮೇಲೆಯೇ ನಾನು ಸಂಕಲ್ಪ ಮಾಡಿದ್ದು. ಮರುದಿನ ಪಾರಣೆಗೆ ಗಂಜಿಯನ್ನು ನಿಂತು ಕಾಯಿಸಿದವನು ನಾನು. ಉಪ್ಪು ಹೆಚ್ಚಾಯಿತೆಂದು ಪತ್ನಿ ಹೇಳಿದಳು.